ಕೈಗೆ ಬಲ ಬಂದಿದೆ, ಬಾಚಣಿಗೆ ಹಿಡಿಯುವುದು ಮಾತ್ರ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ನಾಲ್ಕು ತಿಂಗಳ ಹಿಂದೆ ಮಿದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಈಗ ನಡೆಯುತ್ತಾರೆ, ಬಲಗೈ ಹಿಡಿತವೂ ಬಹುಪಾಲು ವಾಪಸ್ ಬಂದಿದೆ. ಮಾತು ಇನ್ನೂ ತಡವರಿಸುತ್ತದೆ. ನಮಗೆ ಅರ್ಥವಾಗದಿರುವುದು ಬೇರೆ ವಿಷಯ. ‘ತಲೆ ಬಾಚೋದು ಹೇಗೆ, ತೋರಿಸಿ’ ಅಂದರೆ ಕೈಯನ್ನು ಕೆನ್ನೆ ಹತ್ತಿರ ತಂದು ಸುಮ್ನೆ ಅಲ್ಲಾಡಿಸುತ್ತಾರೆ. ಹಲ್ಲುಜ್ಜುವ ಬ್ರಷ್ ಕೊಟ್ಟರೆ ಕೆಲವೊಮ್ಮೆ ತಲೆಕೆಳಗಾಗಿ ಹಿಡಿಯುತ್ತಾರೆ. ‘ಟಾಟಾ ಮಾಡಿ’ ಅಂದರೆ ಆಗುವುದೇ ಇಲ್ಲ. ಆದರೆ ಮೊಮ್ಮಗಳು ಹೊರಟಾಗ ತಾವಾಗಿಯೇ ಚೆನ್ನಾಗಿ ಕೈ ಬೀಸಿದರು! ಎಡಗೈಗೆ ಏನೂ ಆಗಿಲ್ಲ, ಆದರೂ ಅದೂ ಹೀಗೇ ತಪ್ಪುತ್ತದೆ. ಅಮ್ಮ ಹಟ ಅನ್ನುತ್ತಾರೆ. ಅಣ್ಣನಿಗೆ ಮರೆವಿನ ಕಾಯಿಲೆ ಶುರುವಾಯಿತೇನೋ ಅಂತ ಭಯ. ಇದೇನು? ಸರಿ ಹೋಗುತ್ತಾ? ಮಾತಿನ ಬದಲು ಕೈಸನ್ನೆ ಕಲಿಸಬಹುದಾ?

ಉತ್ತರ: ಅಮ್ಮನಿಗೆ ಮೊದಲು ಹೇಳಿಬಿಡಿ, ಇದು ಹಟದ ಹಾಗೆ ಕಾಣುವುದಿಲ್ಲ. ಬೇಕೆಂದೇ ಮಾಡದವರು ಕೈಯನ್ನು ಕೆನ್ನೆ ತನಕ ತಂದು ಒದ್ದಾಡುವುದಿಲ್ಲ. ನೀವು ಬರೆದಿರುವ ಲಕ್ಷಣಗಳೆಲ್ಲ ಅಪ್ರಾಕ್ಸಿಯಾ ಎಂಬ ತೊಂದರೆಯ ಕಡೆಗೇ ಬೊಟ್ಟು ಮಾಡುತ್ತವೆ. ಅವರನ್ನು ನೋಡದೆ ನಾನು ಖಚಿತವಾಗಿ ಹೇಳಲಾರೆ, ಪರೀಕ್ಷೆ ಆಗಲೇಬೇಕು. ಆದರೆ ಕೇಳಿದಾಗ ಬಾರದ ಟಾಟಾ ಮೊಮ್ಮಗಳು ಹೊರಟಾಗ ಬಂತು ಅಂದಿರಲ್ಲ, ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇದೆ.

ಅಪ್ರಾಕ್ಸಿಯಾ ಇದ್ದವರ ಕೈಯಲ್ಲಿ ಬಲ ಇರುತ್ತದೆ. ಸ್ಪರ್ಶ ಗೊತ್ತಾಗುತ್ತದೆ. ಏನು ಮಾಡಬೇಕು ಅನ್ನುವುದೂ ಅರ್ಥವಾಗಿರುತ್ತದೆ, ಮಾಡುವ ಮನಸ್ಸೂ ಇರುತ್ತದೆ. ಹೀಗಿದ್ದೂ ವರ್ಷಗಟ್ಟಲೆ ಮಾಡಿ ಕೈಗೆ ಕೂತಿದ್ದ ಚಲನೆ, ಬೇಕೆಂದಾಗ ಸರಿಯಾದ ಆಕಾರದಲ್ಲಿ ಹೊರಬರುವುದಿಲ್ಲ. ಸ್ನಾಯುಗಳಿಗೆ ಆಜ್ಞೆ ಹೋಗುವ ದಾರಿ ಕೆಟ್ಟರೆ ಲಕ್ವ. ಇಲ್ಲಿ ಕೆಟ್ಟಿರುವುದು ಅದಕ್ಕಿಂತ ಹಿಂದಿನ ಹಂತ: ಕೈ ಎಲ್ಲಿಗೆ ಹೋಗಬೇಕು, ಅಂಗೈ ಯಾವ ಕಡೆ ತಿರುಗಬೇಕು, ಯಾವ ಕೀಲು ಬಾಗಬೇಕು, ಯಾವುದು ಮೊದಲು ಯಾವುದು ಆಮೇಲೆ ಎಂದು ನಿರ್ಧಾರವಾಗುವ ಜಾಗ.

ನಿಮ್ಮ ಅಣ್ಣನ ಭಯ ಹೊಸದೇನಲ್ಲ. 1900ರಲ್ಲಿ ಬರ್ಲಿನ್‌ನ ವೈದ್ಯ ಹ್ಯೂಗೋ ಲೀಪ್‌ಮನ್ ಒಬ್ಬ ಸರ್ಕಾರಿ ಅಧಿಕಾರಿಯ ಕೇಸು ಪ್ರಕಟಿಸಿದ. ಆ ಮನುಷ್ಯನಿಗೆ 48 ವರ್ಷ. ಹೇಳಿದ್ದನ್ನು ಮಾಡುತ್ತಿರಲಿಲ್ಲ, ಏನೇನೋ ಮಾಡುತ್ತಿದ್ದ. ಬುದ್ಧಿ ಮಂಕಾಗಿದೆ ಅಂತ ಎಲ್ಲರೂ ತೀರ್ಮಾನಿಸಿದ್ದರು. ಲೀಪ್‌ಮನ್ ಮಾಡಿದ್ದು ಸರಳ ಕೆಲಸ. ಬಲಗೈ ಬಳಸಲು ಬಿಡದೆ ಎಡಗೈಯಿಂದ ಮಾಡಿಸಿದ. ಎಡಗೈ ಸರಿಯಾಗಿ ಮಾಡಿತು! ಹೇಳಿದ್ದು ಅರ್ಥವೇ ಆಗದಿದ್ದರೆ ಎಡಗೈಗೂ ಆಗಬಾರದಿತ್ತು, ಅಲ್ವಾ? ಅಂದರೆ ಅವನಿಗೆ ಮಾತು ತಿಳಿಯುತ್ತಿತ್ತು, ಬುದ್ಧಿಯೂ ನೆಟ್ಟಗಿತ್ತು. ತಪ್ಪುತ್ತಿದ್ದದ್ದು ಬಲಗೈಯ ಕೌಶಲ ಮಾತ್ರ.

‘ನಮ್ಮ ತಂದೆಗೆ ಎಡಗೈಯೂ ತಪ್ಪುತ್ತದಲ್ಲ’ ಎಂದು ನೀವು ಕೇಳಬಹುದು. ಅದಕ್ಕೂ ಉತ್ತರ ಕೊಟ್ಟವನು ಅವನೇ. ಒಂದು ಕಡೆ ಲಕ್ವ ಹೊಡೆದಿದ್ದ ಎಂಬತ್ತಕ್ಕೂ ಜಾಸ್ತಿ ರೋಗಿಗಳನ್ನು ಪರೀಕ್ಷಿಸಿ 1905ರಲ್ಲಿ ಫಲಿತಾಂಶ ಬರೆದ. ಎಲ್ಲರನ್ನೂ ಅವರ ಒಳ್ಳೆಯ ಕೈಯಿಂದಲೇ ಪರೀಕ್ಷಿಸಿದ್ದು. ಬಲಗಡೆ ಬಿದ್ದುಹೋದವರು, ಅಂದರೆ ಎಡ ಮಿದುಳಿಗೆ ಪೆಟ್ಟಾದವರು, 41 ಮಂದಿ. ಅವರಲ್ಲಿ 20 ಜನ ಏನೂ ಆಗದ ಎಡಗೈಯಲ್ಲೂ ತಪ್ಪಿದರು. ಎಡಗಡೆ ಬಿದ್ದುಹೋದವರಲ್ಲಿ, ಅಂದರೆ ಬಲ ಮಿದುಳಿಗೆ ಪೆಟ್ಟಾದವರಲ್ಲಿ, ಆ ತೊಂದರೆ ಒಬ್ಬರಿಗೂ ಇರಲಿಲ್ಲ. ಇದರಿಂದ ಅವನು ಹೇಳಿದ್ದು ಇಷ್ಟು: ಕೌಶಲದ ಕೆಲಸದಲ್ಲಿ ಎಡ ಮಿದುಳು ಎರಡೂ ಕೈಗಳಿಗೆ ಮೇಷ್ಟ್ರು. ಎರಡು ವರ್ಷ ಕಳೆದು ಇನ್ನೊಬ್ಬ ರೋಗಿಯಲ್ಲಿ, ಎರಡೂ ಮಿದುಳುಗಳನ್ನು ಜೋಡಿಸುವ ನರಗಳ ಸೇತುವೆ ಕೆಟ್ಟಾಗ ಎಡಗೈ ಕೌಶಲ ಕಳೆದುಕೊಂಡದ್ದನ್ನೂ ತೋರಿಸಿದ. ಎಡಗೈಯನ್ನು ನಡೆಸುವುದು ಬಲ ಮಿದುಳಾದರೂ, ‘ಹೇಗೆ ಮಾಡಬೇಕು’ ಎಂಬ ಮಾಹಿತಿ ಎಡಗಡೆಯಿಂದ ಆ ಸೇತುವೆ ದಾಟಿ ಬರಬೇಕು. ನಿಮ್ಮ ತಂದೆಯ ಎಡಗೈಗೆ ಏನೂ ಆಗಿಲ್ಲ, ನಿಜ. ಆದರೆ ಅದಕ್ಕೆ ಬರಬೇಕಾದ ಮಾಹಿತಿ ಹೊರಡುವ ಜಾಗಕ್ಕೇ ಪೆಟ್ಟಾಗಿದೆ.

ಆಮೇಲಿನ ನೂರು ವರ್ಷದಲ್ಲಿ ಸ್ಕ್ಯಾನ್‌ಗಳು ಬಂದವು, ಚಿತ್ರ ಇನ್ನಷ್ಟು ಜಟಿಲವಾಯಿತು. ಒಂದೇ ಜಾಗ ಅಂತ ಇಲ್ಲ, ಒಂದು ಜಾಲವೇ ಇದೆ. ಕಿವಿಯ ಮೇಲೆ ಸ್ವಲ್ಪ ಹಿಂದಕ್ಕೆ ಇರುವ ಪೆರೈಟಲ್ ಭಾಗದ ಕೆಳಗಿನ ಅರ್ಧ, ಹಣೆಯ ಹಿಂದಿನ ಚಲನೆಯ ಭಾಗಗಳು, ವಸ್ತುಗಳ ಬಗ್ಗೆ ತಿಳಿವಳಿಕೆ ಇರುವ ಟೆಂಪೊರಲ್ ಭಾಗ, ಇವನ್ನೆಲ್ಲ ಜೋಡಿಸುವ ನರಗಳ ಕಂತೆ. ಎಡಗಡೆ ಮಿಡಲ್ ಸೆರೆಬ್ರಲ್ ಎಂಬ ದೊಡ್ಡ ರಕ್ತನಾಳ ಇವುಗಳಲ್ಲಿ ಬಹುಪಾಲಿಗೆ ರಕ್ತ ಕೊಡುತ್ತದೆ. ಮಾತಿನ ಭಾಗಗಳಿಗೂ ಅದೇ ರಕ್ತನಾಳ. ಅಲ್ಲೊಂದು ಹೆಪ್ಪು ಸಿಕ್ಕಿಕೊಂಡರೆ ಮಾತೂ ಕೈ ಕೌಶಲವೂ ಒಟ್ಟಿಗೆ ಹೋಗುವುದು ಅದಕ್ಕೇ. ನಿಮ್ಮ ತಂದೆಯ ಮಾತು ತಡವರಿಸುತ್ತಿದೆ ಅಂದಿರಿ, ಅದು ಇದರ ಜೊತೆಗಾರ.

ಜೊತೆಗಾರ, ಆದರೆ ಎರಡೂ ಒಂದೇ ತೊಂದರೆಯಲ್ಲ. ಮಾತು ಪೂರ್ತಿ ಹೋಗಿ ಅಭಿನಯ ಚೆನ್ನಾಗಿ ಉಳಿದವರು ಇದ್ದಾರೆ. ಮಾತು ಚೆನ್ನಾಗಿದ್ದು ಕೈ ಕೆಟ್ಟವರೂ ಇದ್ದಾರೆ. ಇದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ಸನ್ನೆ ಭಾಷೆಯಲ್ಲೇ ಬದುಕಿದ ಕಿವುಡರಲ್ಲಿ. ಅಮೆರಿಕದಲ್ಲಿ ಪೊಯ್ಜ್ನರ್, ಕ್ಲೀಮಾ, ಬೆಲೂಗಿ ಎಂಬ ಸಂಶೋಧಕರು 1980ರ ದಶಕದಲ್ಲಿ ಸ್ಟ್ರೋಕ್ ಆದ ಇಂಥವರನ್ನು ಪರೀಕ್ಷಿಸಿದರು. ಎಡ ಮಿದುಳಿಗೆ ಪೆಟ್ಟಾದವರಲ್ಲಿ ಕೆಲವರ ಸನ್ನೆ ಭಾಷೆ ನಮ್ಮ ಮಾತು ಕೆಡುವ ಹಾಗೆಯೇ ಕೆಟ್ಟಿತ್ತು. ಆದರೂ ಸಾಮಾನ್ಯ ಅಭಿನಯ ಅವರಿಗೆ ಬರುತ್ತಿತ್ತು. ಎರಡನ್ನೂ ಮಾಡುವುದು ಅದೇ ಕೈ, ಅದೇ ಬೆರಳು. ಹಾಗಿದ್ದೂ ಮಿದುಳಿನಲ್ಲಿ ಭಾಷೆಯ ಸನ್ನೆ ಬೇರೆ, ಕೆಲಸದ ಅಭಿನಯ ಬೇರೆ. ಎಷ್ಟು ಸಲ ಯೋಚಿಸಿದರೂ ನನಗೆ ಇದು ಸೋಜಿಗವೇ.

ಇನ್ನು ತಪ್ಪುಗಳ ವಿಷಯ. ಮನೆಯವರು ‘ಏನೇನೋ ಮಾಡುತ್ತಾರೆ’ ಅನ್ನುತ್ತಾರೆ, ಆದರೆ ಹತ್ತಿರ ಕೂತು ನೋಡಿದರೆ ಅದು ಏನೇನೋ ಅಲ್ಲ, ಅದಕ್ಕೊಂದು ಬಗೆ ಇದೆ. ಬೀಗ ತೆಗೆಯುವ ಅಭಿನಯ ಮಾಡಿ ಅಂತ ರೋಗಿಗೆ ಹೇಳುತ್ತೇವೆ ಅಂದುಕೊಳ್ಳಿ. ನೀವು ನಾನು ಮಾಡಿದರೆ ಹೆಬ್ಬೆರಳು ತೋರುಬೆರಳು ಸೇರಿಸಿ, ಇಲ್ಲದ ಕೀ ಹಿಡಿದು, ಮೊಣಕೈ ಅಲುಗಿಸದೆ ಮುಂಗೈ ತಿರುಗಿಸುತ್ತೇವೆ. ರೋಗಿ ಕೈ ಚಾಚುತ್ತಾರೆ. ಸ್ವಲ್ಪ ತಡೆಯುತ್ತಾರೆ. ಬೆರಳು ಅರ್ಧ ಮಡಚಿರುತ್ತವೆ, ಕೀಗೆ ಜಾಗವೇ ಇರುವುದಿಲ್ಲ. ಮುಂಗೈ ತಿರುಗಿಸುವ ಬದಲು ಭುಜದಿಂದ ಇಡೀ ತೋಳನ್ನೇ ತಿರುಗಿಸುತ್ತಾರೆ. ಅಥವಾ ತಿರುಗಿಸುವುದು ಬಿಟ್ಟು ಮುಂದಕ್ಕೆ ತಿವಿಯುತ್ತಾರೆ. ಕೈ ಬಾಗಿಲ ಎತ್ತರಕ್ಕೂ ಬಂದಿರುವುದಿಲ್ಲ, ಗಾಳಿಯಲ್ಲಿ ಎಲ್ಲೋ ಇರುತ್ತದೆ. ಕತ್ತರಿ ಅಂದಾಗಲೂ ಹಿಂದಿನ ಕೀಲಿಯ ಚಲನೆಯೇ ಮತ್ತೆ ಬರಬಹುದು, ಅಲ್ಲಿಂದ ಬಿಡಿಸಿಕೊಳ್ಳಲು ಅವರಿಗೆ ಆಗುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಎಷ್ಟೋ ಸಲ ‘ಸರಿ ಮಾಡಿದೆ’ ಎಂಬಂತೆ ನಮ್ಮ ಮುಖ ನೋಡುತ್ತಾರೆ. ತಪ್ಪು ಅವರಿಗೆ ಯಾವಾಗಲೂ ಗೊತ್ತಾಗುವುದಿಲ್ಲ.

ಬೆರಳನ್ನೇ ಬ್ರಷ್ ಮಾಡಿಕೊಂಡು ಹಲ್ಲಿನ ಮೇಲೆ ಉಜ್ಜುವುದು ಇನ್ನೊಂದು ಬಗೆ. ಇದೊಂದನ್ನೇ ನೋಡಿ ಗಾಬರಿಯಾಗಬೇಡಿ. ಚಿಕ್ಕ ಮಕ್ಕಳು ಹೀಗೇ ಮಾಡುತ್ತಾರೆ, ಆರೋಗ್ಯವಾಗಿರುವ ದೊಡ್ಡವರೂ ಮಾಡುತ್ತಾರೆ. ಆದರೆ ‘ಬೆರಳು ಬೇಡ, ಬ್ರಷ್ ಹಿಡಿದಿರುವ ಹಾಗೆ ಮಾಡಿ’ ಅಂದರೆ ನಾವು ತಕ್ಷಣ ತಿದ್ದಿಕೊಳ್ಳುತ್ತೇವೆ. ಅಪ್ರಾಕ್ಸಿಯಾ ಇದ್ದವರಿಗೆ ಹಾಗೆ ತಿದ್ದಿಕೊಳ್ಳುವುದು ಕಷ್ಟ.

ಈಗ ಟಾಟಾಗೆ ಬರೋಣ. ಕೈಯಲ್ಲಿ ವಸ್ತು ಇಲ್ಲದೆ, ಸಂದರ್ಭ ಇಲ್ಲದೆ, ಬರೀ ಮಾತು ಕೇಳಿ ಚಲನೆಯನ್ನು ಮನಸ್ಸಿನಿಂದ ಕಟ್ಟಿ ತೆಗೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಯಾರೋ ಮಾಡಿ ತೋರಿಸಿದ್ದನ್ನು ನೋಡಿ ಮಾಡುವುದು ಹಲವರಿಗೆ ಸ್ವಲ್ಪ ಸುಲಭ, ಕೆಲವರಿಗೆ ಅದೂ ಕಷ್ಟ. ನಿಜವಾದ ವಸ್ತು ಕೈಗೆ ಬಂದರೆ ಸಾಮಾನ್ಯವಾಗಿ ಇನ್ನೂ ಸುಲಭ. ಯಾಕೆಂದರೆ ವಸ್ತುವಿನ ಆಕಾರ, ತೂಕ, ಹಿಡಿ ಇರುವ ಕಡೆ, ಇವೇ ಕೈಗೆ ಅರ್ಧ ದಾರಿ ತೋರಿಸುತ್ತವೆ. ನಿಜವಾದ ಸಂದರ್ಭವೇ ಒದಗಿದರೆ ಚಲನೆ ತಾನಾಗಿ ಎದ್ದು ಬರಬಹುದು. ಮೊಮ್ಮಗಳು ಬಾಗಿಲಲ್ಲಿ ನಿಂತು ನಕ್ಕಾಗ ನಿಮ್ಮ ತಂದೆ ‘ಕೈ ಬೀಸಬೇಕು’ ಎಂದು ಯೋಚಿಸಲೇ ಇಲ್ಲ. ಕೇಳಿದಾಗ ಯೋಚಿಸಬೇಕಾಯಿತು, ಅಲ್ಲಿ ಸಿಕ್ಕಿಬಿದ್ದರು.

ಹಟ ಎಂಬ ಅಪವಾದ ಹುಟ್ಟುವುದೂ ಇಲ್ಲೇ. ಬೆಳಿಗ್ಗೆ ಮಾಡಿದರು, ಸಂಜೆ ನೆಂಟರ ಮುಂದೆ ಮಾಡಿ ಅಂದರೆ ಮಾಡಲಿಲ್ಲ. ಯಾರಿಗಾದರೂ ಅನುಮಾನ ಬರುವುದು ಸಹಜವೇ. ಆದರೆ ಹೀಗೆ ಒಮ್ಮೆ ಬಂದು ಒಮ್ಮೆ ಬಾರದಿರುವುದು ಈ ಕಾಯಿಲೆಯ ಸ್ವಭಾವ. ಅದಕ್ಕೇ ನನ್ನ ಮೊದಲ ಸಲಹೆ ಸ್ವಲ್ಪ ಕಠಿಣವಾಗಿ ಕೇಳಿಸಬಹುದು: ಮನೆಯಲ್ಲಿ ಪರೀಕ್ಷೆ ಮಾಡುವುದನ್ನು ಇವತ್ತೇ ನಿಲ್ಲಿಸಿ. ‘ತೋರಿಸಿ ನೋಡೋಣ’, ‘ನಿನ್ನೆ ಬರ್ತಿತ್ತಲ್ಲ’, ‘ಇಷ್ಟೂ ಬರಲ್ವಾ’ ಇವು ಯಾವುವೂ ಬೇಡ. ಬಾಚುವ ಅಭಿನಯ ಅವರಿಗೆ ಬಂದರೂ ಅದರಿಂದ ಒಂದು ಕೂದಲೂ ಬಾಚಿದಂತಾಗುವುದಿಲ್ಲ. ಅಭಿನಯ ಕೇಳುವುದು ರೋಗ ಗುರುತಿಸುವ ನಮ್ಮ ಕೆಲಸ. ಮನೆಯಲ್ಲಿ ಬೇಕಾಗಿರುವುದು ನಿಜವಾದ ಬಾಚಣಿಗೆ, ನಿಜವಾದ ಹೊತ್ತು.

ಬ್ರಷ್ ತಲೆಕೆಳಗಾಗಿ ಹಿಡಿಯುತ್ತಾರೆ ಅಂದಿರಿ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ವಸ್ತು ಕೈಯಲ್ಲಿದ್ದರೂ ತಪ್ಪುತ್ತಿದೆ ಅಂದರೆ ತೊಂದರೆ ಅಭಿನಯಕ್ಕೆ ನಿಂತಿಲ್ಲ, ದಿನದ ಕೆಲಸಕ್ಕೂ ಇಳಿದಿದೆ. ಹಾಗಾಗಿ ಸದ್ಯಕ್ಕೆ ರೇಜರ್, ಚಾಕು, ಬೆಂಕಿ, ಬಿಸಿನೀರು ಇರುವ ಕಡೆ ಯಾರಾದರೂ ಪಕ್ಕದಲ್ಲಿರಲಿ. ಮಾತ್ರೆಗಳನ್ನು ನೀವೇ ತೆಗೆದುಕೊಡಿ. ವಾಹನ ಓಡಿಸುವ ವಿಚಾರ ವೈದ್ಯರು ಒಪ್ಪುವ ತನಕ ಬೇಡವೇ ಬೇಡ. ಒಂದೊಂದು ಚಲನೆ ಸರಿಯಿದ್ದರೂ ಹಲವು ಹಂತದ ಕೆಲಸದಲ್ಲಿ ಕ್ರಮ ತಪ್ಪುವುದು ಇನ್ನೊಂದು ಸಮಸ್ಯೆ: ಪೇಸ್ಟ್ ಹಾಕುವ ಮೊದಲೇ ಉಜ್ಜಲು ಶುರು, ಮುಚ್ಚಳ ತೆಗೆಯದೆ ಹಿಂಡುವುದು. ಇಂಥ ಹಂತದ ತಪ್ಪುಗಳು ಬಲ ಮಿದುಳಿಗೆ ಪೆಟ್ಟಾದವರಲ್ಲೂ ಕಾಣುತ್ತವೆ, ಗಮನ ನಿಲ್ಲದಿರುವುದೂ ಅದಕ್ಕೆ ಕಾರಣವಾಗುತ್ತದೆ.

ಪರೀಕ್ಷೆ ಅಂದೆನಲ್ಲ, ಅದರಲ್ಲಿ ಏನು ನೋಡುತ್ತಾರೆ? ಮೊದಲನೆಯದು, ಹೇಳಿದ್ದು ಅರ್ಥವಾಗುತ್ತಿದೆಯಾ. ಮಾತಿನ ತೊಂದರೆ ಇರುವವರಿಗೆ ‘ಬಾಚಿ’ ಎಂಬ ಪದವೇ ತಲುಪದಿರಬಹುದು, ಆಗ ಅದನ್ನು ಅಪ್ರಾಕ್ಸಿಯಾ ಅನ್ನಲಾಗದು. ಅದಕ್ಕೆ ನಾವು ಸರಿ ಅಭಿನಯ, ತಪ್ಪು ಅಭಿನಯ ಎರಡನ್ನೂ ಮಾಡಿ ತೋರಿಸಿ ‘ಬಾಚುವುದು ಯಾವುದು’ ಎಂದು ಆರಿಸಲು ಬಿಡುತ್ತೇವೆ. ಆಮೇಲೆ ಅರ್ಥವಿಲ್ಲದ ಭಂಗಿಗಳನ್ನು ತೋರಿಸಿ ಹಾಗೇ ಮಾಡಿ ಅನ್ನುತ್ತೇವೆ, ಉದಾಹರಣೆಗೆ ಮುಂಗೈಯ ಹಿಂಭಾಗವನ್ನು ಗಲ್ಲದ ಕೆಳಗೆ ಇಡುವುದು. ನೆನಪಿನ ಸಹಾಯವೇ ಇಲ್ಲದ ಭಂಗಿ ಅದು, ಕಣ್ಣಿಗೆ ಕಂಡದ್ದನ್ನು ತನ್ನ ಮೈಗೆ ತಂದುಕೊಳ್ಳಬೇಕು. ಜರ್ಮನಿಯ ಗಿಯೋರ್ಗ್ ಗೋಲ್ಡನ್‌ಬರ್ಗ್ ಈ ಬಗೆಯ ಪರೀಕ್ಷೆಗಳ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ದೃಷ್ಟಿಯ ಒಂದು ಭಾಗ ಹೋಗಿದೆಯಾ, ಒಂದು ಪಕ್ಕವನ್ನು ಗಮನಿಸುವುದೇ ಇಲ್ಲವಾ ಎಂದೂ ನೋಡಬೇಕು. ಇದನ್ನೆಲ್ಲ ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ಮತ್ತೆ ಕಲಿಸುವವರು) ಮತ್ತು ಸ್ಪೀಚ್ ಥೆರಪಿಸ್ಟ್ ಒಟ್ಟಿಗೆ ನೋಡಿದರೆ ಒಳ್ಳೆಯದು. ಕೈಯ ಬಲವನ್ನಷ್ಟೇ ಅಳೆದು ‘ಚೆನ್ನಾಗಿದೆ’ ಅಂತ ಕಳಿಸಿಬಿಟ್ಟರೆ ಇದು ಕಣ್ತಪ್ಪಿ ಹೋಗುತ್ತದೆ.

ಮರೆವಿನ ಕಾಯಿಲೆಯ ಬಗ್ಗೆ: ಸ್ಟ್ರೋಕ್ ಆದ ದಿನದಿಂದ ಶುರುವಾಗಿ, ಅಲ್ಲೇ ನಿಂತಿದ್ದರೆ ಅಥವಾ ನಿಧಾನಕ್ಕೆ ಸುಧಾರಿಸುತ್ತಿದ್ದರೆ ಇದು ಸ್ಟ್ರೋಕಿನದೇ. ತಿಂಗಳು ಕಳೆದಂತೆ ಮೆಲ್ಲಗೆ ಜಾಸ್ತಿಯಾಗುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಸ್ಟ್ರೋಕ್ ಇಲ್ಲದೆಯೂ ಅಪ್ರಾಕ್ಸಿಯಾ ತರುವ, ಮಿದುಳು ಸವೆಯುವ ಕಾಯಿಲೆಗಳು ಇವೆ. ಇದ್ದಕ್ಕಿದ್ದಂತೆ ಕೈ, ಮುಖ ಅಥವಾ ಮಾತು ಮತ್ತೆ ಕೆಟ್ಟರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಸರಿ ಹೋಗುತ್ತಾ? ಬಹಳ ಜನರಿಗೆ ಮೊದಲ ಕೆಲವು ತಿಂಗಳಲ್ಲಿ ಸುಧಾರಿಸುತ್ತದೆ. ಎಲ್ಲರಿಗೂ ಪೂರ್ತಿ ಹೋಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 2000ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಡ ಮಿದುಳಿಗೆ ಮೊದಲ ಸಲ ಸ್ಟ್ರೋಕ್ ಆದವರ ಪೈಕಿ ಪುನರ್ವಸತಿ ಕೇಂದ್ರಗಳಲ್ಲಿ 28%, ಶುಶ್ರೂಷಾಲಯಗಳಲ್ಲಿ 37% ಜನರಿಗೆ ಅಪ್ರಾಕ್ಸಿಯಾ ಇತ್ತು. ಅಂದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ. ಇಷ್ಟು ಸಾಮಾನ್ಯವಾದದ್ದರ ಹೆಸರನ್ನೂ ಹೆಚ್ಚಿನ ಮನೆಯವರು ಕೇಳಿರುವುದಿಲ್ಲ ಅನ್ನುವುದು ಬೇಸರದ ಸಂಗತಿ.

ಔಷಧಿ ಇದಕ್ಕಿಲ್ಲ, ಅಭ್ಯಾಸವೇ ಚಿಕಿತ್ಸೆ. ಅದರ ಫಲದ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅದೇ ನೆದರ್ಲೆಂಡ್ಸ್ ತಂಡ, ಇರುವ ತೊಂದರೆಯ ಸುತ್ತ ದಾರಿ ಹುಡುಕಲು ಕಲಿಸುವ ತರಬೇತಿಯನ್ನು ಸಾಮಾನ್ಯ ಥೆರಪಿಯ ಜೊತೆ ಹೋಲಿಸಿ ನೋಡಿತು. ಎಂಟು ವಾರದ ಹೊತ್ತಿಗೆ ಹೊಸ ತರಬೇತಿ ಪಡೆದವರು ದಿನದ ಕೆಲಸಗಳಲ್ಲಿ ಮುಂದಿದ್ದರು. ಐದು ತಿಂಗಳ ಹೊತ್ತಿಗೆ ಆ ಅಂತರ ಉಳಿದಿರಲಿಲ್ಲ. ಇಟಲಿಯಲ್ಲಿ ಸ್ಮಾನಿಯಾ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಲನೆಗಳನ್ನೂ ಸನ್ನೆಗಳನ್ನೂ ಹಂತಹಂತವಾಗಿ ಕಲಿಸಿದವರಿಗೆ ದಿನದ ಕೆಲಸದಲ್ಲಿ ಅನುಕೂಲವಾಯಿತು. ತರಬೇತಿ ಮುಗಿದು ಎರಡು ತಿಂಗಳಾದ ಮೇಲೂ ಅದು ಉಳಿದಿತ್ತು. ಆದರೆ ಸಾಮಾನ್ಯವಾಗಿ ನಾವು ನೋಡುವುದು, ಕಲಿತದ್ದು ಆ ಕೆಲಸಕ್ಕೇ ಅಂಟಿಕೊಳ್ಳುತ್ತದೆ. ಹಲ್ಲುಜ್ಜುವುದು ಬಂತು ಅಂತ ತಲೆ ಬಾಚುವುದು ತಾನಾಗಿ ಬಂದುಬಿಡುವುದಿಲ್ಲ. ಹಾಗಾಗಿ ಏನನ್ನು ಕಲಿಸಬೇಕು ಅನ್ನುವ ಆಯ್ಕೆ ಮುಖ್ಯ. ಎಲ್ಲವನ್ನೂ ಹಿಡಿಯಬೇಡಿ. ಅವರಿಗೆ ಮುಖ್ಯವಾದ ಎರಡೋ ಮೂರೋ ಕೆಲಸ ಸಾಕು, ಯಾವುದೆಂದು ಅವರನ್ನೇ ಕೇಳಿ.

ಹಲ್ಲುಜ್ಜುವುದನ್ನೇ ತೆಗೆದುಕೊಳ್ಳೋಣ. ದಿನಾ ಅದೇ ಹೊತ್ತು, ಅದೇ ಸಿಂಕ್, ಅದೇ ಬ್ರಷ್. ಸಿಂಕಿನ ಮೇಲೆ ಬ್ರಷ್, ಪೇಸ್ಟ್, ಲೋಟ ಬಿಟ್ಟು ಬೇರೇನೂ ಬೇಡ. ಸೋಪು, ಬಾಚಣಿಗೆ ಅಲ್ಲಿದ್ದರೆ ಕೈ ಅವುಗಳ ಕಡೆ ಹೋಗುತ್ತದೆ. ನೀವು ಎದುರಿಗೆ ನಿಂತು ತೋರಿಸಬೇಡಿ, ಎಡಬಲ ಅದಲುಬದಲಾಗಿ ಗೊಂದಲವಾಗುತ್ತದೆ. ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಲ್ಲಿ. ಅವರು ಬ್ರಷ್ ತಪ್ಪಾಗಿ ಹಿಡಿಯುವ ತನಕ ಕಾಯಬೇಡಿ. ಮೊದಲೇ ಅವರ ಕೈ ಮೇಲೆ ನಿಮ್ಮ ಕೈಯಿಟ್ಟು ಸರಿಯಾದ ಹಿಡಿತಕ್ಕೆ ತಂದುಕೊಡಿ. ತಪ್ಪು ಮಾಡಿ ಕಲಿಯಲಿ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮಾಡಿದ ತಪ್ಪೇ ಕೈಗೆ ಕೂತುಬಿಡಬಹುದು. ಬ್ರಷ್ ಹಲ್ಲಿಗೆ ತಾಗಿ ಎರಡು ಸಲ ಹಿಂದೆಮುಂದೆ ಹೋಗುವಷ್ಟರಲ್ಲಿ ಅವರ ಕೈ ತಾನೇ ಲಯ ಹಿಡಿಯುವುದು ನಿಮಗೆ ಗೊತ್ತಾಗುತ್ತದೆ, ನಿಮ್ಮ ಅಂಗೈಯ ಕೆಳಗೆ ಅವರ ಕೈಯ ಎಳೆತ ಸಿಗುತ್ತದೆ. ಆಗ ನಿಮ್ಮ ಹಿಡಿತ ಸಡಿಲ ಮಾಡಿ, ಆದರೆ ಕೈ ಪೂರ್ತಿ ತೆಗೆಯಬೇಡಿ. ಮಾರನೇ ದಿನ ಇನ್ನೂ ಸ್ವಲ್ಪ ಬೇಗ ಸಡಿಲಿಸಿ. ಆಮೇಲೆ ಬರೀ ಮೊಣಕೈಗೆ ಒಂದು ಆಸರೆ. ವಾರಗಳು ಹಿಡಿಯುತ್ತವೆ.

ನಡುವೆ ಸಿಕ್ಕಿಹಾಕಿಕೊಂಡರೆ ಅಲ್ಲೇ ತಿದ್ದಲು ಹೋಗಬೇಡಿ. ಕೈ ಕೆಳಗಿಳಿಸಿ, ಒಂದು ಉಸಿರು ಬಿಟ್ಟು, ಮೊದಲಿಂದ ಶುರು ಮಾಡಿ. ಮಾತು ಕಡಿಮೆ ಇರಲಿ. ‘ಹಾಗಲ್ಲ, ಹೀಗೆ, ಸ್ವಲ್ಪ ಮೇಲೆ, ತಿರುಗಿಸಿ’ ಅಂತ ಒಂದೇ ಸಮನೆ ಸೂಚನೆ ಕೊಟ್ಟರೆ, ಕೆಟ್ಟಿರುವ ದಾರಿಯಲ್ಲೇ ಇನ್ನಷ್ಟು ಗಾಡಿ ನುಗ್ಗಿಸಿದಂತೆ. ಹಂತಗಳನ್ನು ತಾವೇ ಬಾಯಲ್ಲಿ ಹೇಳಿಕೊಂಡು ಮಾಡುವುದು ಮಾತು ಚೆನ್ನಾಗಿರುವವರಿಗೆ ನೆರವಾಗುತ್ತದೆ. ನಿಮ್ಮ ತಂದೆಗೆ ಹಂತಹಂತದ ಫೋಟೋಗಳನ್ನು ಗೋಡೆಗೆ ಅಂಟಿಸುವುದು ವಾಸಿ. ಯಾವ ಕೈ ಅಂತ ಕೇಳಿದರೆ, ಬಲಗೈಗೆ ಹಿಡಿತ ಬಂದಿದ್ದರೆ ಅದನ್ನೇ ಬಳಸಲಿ, ಥೆರಪಿಸ್ಟ್ ಬೇರೆ ಹೇಳದಿದ್ದರೆ.

ಇನ್ನು ಕೈಸನ್ನೆ. ಮಾತು ಹೋದರೇನು, ಸನ್ನೆ ಇದೆಯಲ್ಲ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಸನ್ನೆ ಮಾಡುವ ಕೌಶಲಕ್ಕೂ ಪೆಟ್ಟಾಗಿರುವಾಗ ಅದು ಅಷ್ಟು ಸುಲಭದ ಬದಲಿ ಅಲ್ಲ. ‘ಬೇಕಾದ್ದನ್ನು ಸನ್ನೆಯಲ್ಲಿ ಹೇಳಿ’ ಅಂತ ಕೂರಿಸಿದರೆ ಅದೂ ಮತ್ತೊಂದು ಪರೀಕ್ಷೆಯೇ ಆಗುತ್ತದೆ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಮಾತಾಡಲು ಹೆಣಗುವಾಗ ತಾವಾಗಿ ಬರುವ ಸನ್ನೆಗಳನ್ನು ನೋಡುತ್ತಿರಿ. ಕೇಳಿ ಮಾಡಿಸಿದ್ದಕ್ಕಿಂತ ಅವು ಸಲೀಸಾಗಿರುವುದು ಉಂಟು. ಕೈ ಅರ್ಧ ಎತ್ತಿದರೂ ಏನು ಹೇಳುತ್ತಿದ್ದಾರೆ ಎಂದು ಊಹಿಸಿ, ಸರೀನಾ ಅಂತ ಕೇಳಿ. ಬೆರಳು ತೋರಿಸುವುದು, ತಲೆಯಾಡಿಸುವುದು ಹೆಚ್ಚಿನವರಿಗೆ ಉಳಿದಿರುತ್ತದೆ, ಹಾಗಾಗಿ ಚಿತ್ರಗಳ ಪುಸ್ತಕ ಅಥವಾ ಫೋನಿನಲ್ಲಿ ಫೋಟೋಗಳು ಹೆಚ್ಚು ಕೆಲಸಕ್ಕೆ ಬರುತ್ತವೆ. ನೀವು ಮಾತಾಡುವಾಗ ಧಾರಾಳವಾಗಿ ಸನ್ನೆ ಮಾಡಿ, ಅವರಿಗೆ ಅರ್ಥವಾಗಲು ನೆರವಾಗುತ್ತದೆ. ಕಲಿಸಲೇಬೇಕು ಅಂದರೆ ದಿನಾ ಬೇಕಾಗುವ ನಾಲ್ಕು ಸನ್ನೆ ಆರಿಸಿ: ನೀರು, ಸಾಕು, ನೋವು, ಮಲಗಬೇಕು. ನೀರಿನ ಸನ್ನೆಯನ್ನು ಖಾಲಿ ಕೈಯಲ್ಲಿ ಶುರು ಮಾಡಬೇಡಿ. ಬಾಯಾರಿದ ಹೊತ್ತಿಗೆ ನಿಜವಾದ ಲೋಟ ಕೊಡಿ, ಕುಡಿಯಲಿ. ಕೆಲವು ದಿನ ಕಳೆದ ಮೇಲೆ ಲೋಟವನ್ನು ಪಕ್ಕದಲ್ಲಿ ಕಾಣುವಂತೆ ಇಟ್ಟು ಕೈಯನ್ನು ಬಾಯಿಗೆ ತರಿಸಿ, ತಕ್ಷಣ ನೀರು ಕೊಡಿ. ಲೋಟ ಮರೆಯಾಗುವುದು ಕೊನೆಯ ಹಂತ. ನಿಮ್ಮ ಸ್ಪೀಚ್ ಥೆರಪಿಸ್ಟ್‌ಗೂ ಆಕ್ಯುಪೇಷನಲ್ ಥೆರಪಿಸ್ಟ್‌ಗೂ ಆ ನಾಲ್ಕು ಸನ್ನೆ ಯಾವುವು ಅಂತ ತಿಳಿಸಿರಿ, ಮನೆಯಲ್ಲೊಂದು ಅಲ್ಲೊಂದು ಆಗಬಾರದು.